ಹಳೇ ಊರಿನ ಹಕ್ಕುದಾರರು

ಅಫಜಲಪುರದಲ್ಲಿ ಯಾರನ್ನಾದರೂ ನಿಲ್ಲಿಸಿ "ನಿಮ್ಮ ಮನಿ ಎಲ್ಲಿ ಬಂತ್ರಿ?" ಅಂತ ಕೇಳಿ ನೋಡಿ. ಹೊಸ ಬಡಾವಣೆಯವರಾದರೆ ಪ್ಲಾಟ್ ನಂಬರಿನ ಸಮೇತ ಹೇಳಿ, ಮನೆ ಮುಂದೆ ನಲವತ್ತು ಫೂಟಿನ ರಸ್ತೆ ಇರುವುದನ್ನೂ ಕೇಳದೆಯೇ ಸೇರಿಸುತ್ತಾರೆ. ಹಳೇ ಊರಿನವರಾದರೆ ಸ್ವಲ್ಪ ತಡವರಿಸಿ, "ಇಲ್ಲೇ ರೀ, ಊರಾಗ" ಅನ್ನುತ್ತಾರೆ. ಊರಲ್ಲಿ ಇರುವುದಕ್ಕೆ ಊರವರೇ ಸಂಕೋಚಪಡುವ ಕಾಲವಿದು. ಕಬ್ಬಿನ ಬಿಲ್ಲು ಬಂತು, ತೊಗರಿಗೆ ರೇಟು ಸಿಕ್ಕಿತು, ಮಗನಿಗೆ ನೌಕರಿ ಹತ್ತಿತು ಅಂದರೆ ಮೊದಲು ಆಗುವ ಕೆಲಸ ಎನ್.ಎ. (ಕೃಷಿಯೇತರ) ಆದ ಪ್ಲಾಟೊಂದನ್ನು ಹಿಡಿಯುವುದು. ಎರಡನೆಯದು, ಹಳೇ ಮನೆಗೆ ಕೀಲಿ ಜಡಿದು, "ಅಲ್ಲಿ ಕಾರು ಒಳಗ ಬರಂಗಿಲ್ರಿ" ಎಂದು ಕಾರಣ ಹೇಳುವುದು. ಕಾರು ಇನ್ನೂ ಕೊಂಡಿರುವುದಿಲ್ಲ, ಆ ಮಾತು ಬೇರೆ.

ನಮ್ಮ ಸೀಮೆಯ ಹಳೇ ಊರುಗಳ ನಕಾಶೆ ಹೆಚ್ಚುಕಡಿಮೆ ಒಂದೇ. ಮೊದಲು ಅಗಸಿ, ಅದರ ಬಗಲಲ್ಲಿ ಹನುಮಪ್ಪ. ಒಳಗೆ ಹೋದರೆ ಚಾವಡಿ. ದಿಬ್ಬದ ಮೇಲೆ ಗೌಡರದೋ ದೇಸಾಯರದೋ ದೇಶಮುಖರದೋ ವಾಡೆ. ಅಲ್ಲಿಂದ ಇಳಿದಂತೆ ಗಾಣಿಗೇರ ಓಣಿ, ಕುಂಬಾರ ಓಣಿ, ಬಣಗಾರ ಓಣಿ, ಒಂದು ಮಸೀದಿ, ಅದರ ಹಿಂದೆ ಮೊಹರಂಗೆ ಅಲಾಯಿ ದೇವರು ಕೂಡುವ ಜಾಗ. ಅಗಸಿಯ ಆಚೆ, ಊರು ತನ್ನೊಳಗೆ ಬಿಟ್ಟುಕೊಳ್ಳದೇ ಹೋದವರ ಕೇರಿ. ಹಳೇ ಊರಿನ ಬಗ್ಗೆ ಕಣ್ಣೀರು ಹಾಕಿ ಬರೆಯುವವರು ಈ ಕೊನೆಯ ಸಾಲನ್ನು ಜಾಣತನದಿಂದ ಬಿಟ್ಟುಬಿಡುತ್ತಾರೆ. ಆ ಕೇರಿಯ ಹುಡುಗ ಎನ್.ಎ. ಪ್ಲಾಟು ಹಿಡಿದರೆ ಅದಕ್ಕೆ ಬೇರೆಯೇ ಅರ್ಥ ಉಂಟು. ಅವನನ್ನು ನಗಾಡುವ ಹಕ್ಕು ನನಗಿಲ್ಲ.

ಉಳಿದವರನ್ನು ನಗಾಡಬಹುದು. ನಾನೂ ಅವರೊಳಗೊಬ್ಬ. ಸಿಮೆಂಟಿನ ಮನೆಯಲ್ಲಿ ಏಪ್ರಿಲ್ ತಿಂಗಳು ಕಳೆದವರಿಗೆ ಮಾಳಿಗೆ ಮನೆಯ ಬೆಲೆ ಗೊತ್ತು. ಹಳೇ ಮನೆಯಲ್ಲಿ ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಮೊಳದಷ್ಟು ಮಣ್ಣು. ಗೋಡೆ ಎಷ್ಟು ದಪ್ಪವೆಂದರೆ ಗೂಡಿನಲ್ಲಿ ಹುಡುಗರು ಕಾಲು ಮಡಚಿ ಮಲಗಬಹುದಿತ್ತು. ನೆಲಕ್ಕೆ ಶಹಾಬಾದಿನ ಫರಸಿ. ಹೊರಗೆ ಬಿಸಿಲು ನೆತ್ತಿ ಸುಡುವಾಗ ಆ ಫರಸಿಯ ಮೇಲೆ ಬೆನ್ನು ಇಟ್ಟರೆ ಸಂಜೆಯವರೆಗೆ ಏಳುವ ಮಾತೇ ಇಲ್ಲ. ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಅದರಿಂದ ಬಿದ್ದ ಬಿಸಿಲಿನ ಚೌಕ ಪಡಸಾಲೆಯಲ್ಲಿ ಎಲ್ಲಿಗೆ ಬಂತು ಅನ್ನುವುದರ ಮೇಲೆ ನಮ್ಮ ಆಯಿ ಒಲೆ ಹೊತ್ತಿಸುತ್ತಿದ್ದಳು. ಗೋಡೆ ಗಡಿಯಾರ ಇತ್ತು. ಅದು ನೋಡುವುದಕ್ಕೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹೊರುವುದು ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಹೊರದಿದ್ದರೆ ಜೂನ್ ತಿಂಗಳಲ್ಲಿ ಮಳೆ ನಡುರಾತ್ರಿ ಎಬ್ಬಿಸಿ ನೆನಪು ಮಾಡುತ್ತಿತ್ತು.

ಮನೆ ಮುಂದೆ ಹಗೇವು. ಜೋಳ ತುಂಬುವ ನೆಲಮಾಳಿಗೆ ಅನ್ನಿ. ಕರಿನೆಲದಲ್ಲಿ ಆಳ ತೋಡಿ, ಒಳಗೆ ಸುತ್ತ ಕಣಿಕೆ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಬರಗಾಲದ ವಿಮೆ ಮುಗಿಯಿತು. ಅದನ್ನು ತೆಗೆಯುವ ದಿನ ಓಣಿಯವರೆಲ್ಲ ಸೇರುತ್ತಿದ್ದರು. ಚಪ್ಪಡಿ ಸರಿಸಿದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗಿನ ಬಿಸಿಗಾಳಿ ಹೊರಗೆ ಹೋಗಬೇಕು. ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಿದ್ದರು. ದೀಪ ಉಳಿದರೆ ಮನುಷ್ಯನೂ ಉಳಿಯುತ್ತಾನೆ ಎಂಬ ಲೆಕ್ಕ. ದೀಪ ಆರಿದರೆ ಚಹಾಕ್ಕೆ ಹೇಳಿ ಕಟ್ಟೆಯ ಮೇಲೆ ಕೂಡುವುದು. ನಮ್ಮ ಓಣಿಯ ಎಷ್ಟೋ ಮದುವೆ ಮಾತುಕತೆ ಹೀಗೆ ಗಾಳಿ ಹೋಗಲೆಂದು ಕಾಯುವಾಗಲೇ ಕುದುರಿದ್ದು.

ಇಷ್ಟೆಲ್ಲ ನನಗೆ ತೀವ್ರವಾಗಿ ನೆನಪಾದದ್ದು ಹಾಲೆಂಡಿನ ಹಾರ್ಲೆಮ್ ಎಂಬ ಊರಿನಲ್ಲಿ. ಅಣ್ಣನ ಮಗ ಅಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ಅವನಿಗೆ ಕೂಸು ಆಯಿತೆಂದು ನಾವು ಗಂಡಹೆಂಡತಿ ಇಬ್ಬರೂ ಹೊರಟೆವು. ಫೋನಿನಲ್ಲಿ ಅವನು, "ಕಾಕಾ, ಹಳೇ ಊರಾಗೇ ಮನಿ ಸಿಕ್ಕದ!" ಅಂದಾಗ ದನಿಯಲ್ಲಿ ಲಾಟರಿ ಹೊಡೆದ ಖುಷಿ ಇತ್ತು. ನಮ್ಮ ಮನೆಯಾಕೆಗೆ ಕಸಿವಿಸಿ. "ಪಾಪ, ಅಷ್ಟು ಓದಿಯೂ ಊರಾಗೇ ಇರೂ ಪಾಳಿ ಬಂತು ಹುಡುಗಗ" ಎಂದು ಎರಡು ಸೇರು ಶೇಂಗಾ ಹಿಂಡಿ ಹೆಚ್ಚಿಗೆ ಕಟ್ಟಿದಳು.

ಹಾರ್ಲೆಮ್ 1245ರಲ್ಲಿ ನಗರವೆಂಬ ಸನ್ನದು ಪಡೆದ ಊರು. ಸ್ಪಾರ್ನೆ ಎಂಬ ಹೊಳೆಯ ದಂಡೆ. ನಡುವೆ ದೊಡ್ಡ ಚೌಕ, ಚೌಕದಲ್ಲಿ ದೊಡ್ಡ ಇಗರ್ಜಿ, ಸುತ್ತ ಇಟ್ಟಿಗೆಯ ಸಣ್ಣ ಓಣಿಗಳು. ಕೆಲವು ಓಣಿಗಳಲ್ಲಿ ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆ ತಾಗುತ್ತದೆ. ಅಲ್ಲಿಯೂ ಕಾರು ಒಳಗೆ ಬರುವುದಿಲ್ಲ. ಆದರೆ ಬರದೇ ಇರುವುದಕ್ಕಾಗಿಯೇ ಜನ ಹೆಚ್ಚು ಬಾಡಿಗೆ ಕೊಡುತ್ತಾರೆ! ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡಗಳೇ ಆ ಊರಲ್ಲಿ ಸಾವಿರಕ್ಕೂ ಮಿಕ್ಕಿ ಇವೆ. ಪಟ್ಟಿಯಲ್ಲಿದ್ದ ಮನೆಯ ಯಜಮಾನ ಕಿಟಕಿಯ ಚೌಕಟ್ಟು ಬದಲಿಸಬೇಕಾದರೂ ನಗರಸಭೆಯ ಪರವಾನಗಿ ತೆಗೆಯಬೇಕು. ಹೊಳೆದಂಡೆಯ ಮೇಲೆ ಆದ್ರಿಯಾನ್ ಎಂಬ ಗಾಳಿಗಿರಣಿ ಇದೆ. 1779ರ ಸುಮಾರಿಗೆ ಕಟ್ಟಿದ್ದು 1932ರಲ್ಲಿ ಸುಟ್ಟುಹೋಯಿತು. ಊರವರು ಮರೆಯಲಿಲ್ಲ. ಎಪ್ಪತ್ತು ವರ್ಷ ಕಳೆದು 2002ರಲ್ಲಿ ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಮತ್ತೆ ನಿಲ್ಲಿಸಿದರು. ನಮ್ಮಲ್ಲಿ ಅಗಸಿ ಬಿದ್ದರೆ ಎಪ್ಪತ್ತು ದಿನದೊಳಗೆ ಅದರ ಕಲ್ಲು ಯಾರಾರ ಮನೆಯ ಪಾಯಕ್ಕೆ ಹೋಯಿತೆಂದು ಪತ್ತೆ ಹಚ್ಚುವುದೇ ಕಷ್ಟ.

ನಮ್ಮ ಮನೆಯಾಕೆಯನ್ನು ಕಂಗೆಡಿಸಿದ್ದು ಕಿಟಕಿಗಳು. ಆ ಓಣಿಗಳಲ್ಲಿ ರಸ್ತೆಗೆ ಹಚ್ಚಿಯೇ ಆಳೆತ್ತರದ ಗಾಜಿನ ಕಿಟಕಿ. ಪರದೆ ಇಲ್ಲ, ಇದ್ದರೂ ಎಳೆಯುವ ರೂಢಿ ಇಲ್ಲ. ಒಳಗೆ ಊಟ ಮಾಡುವವರು, ಪೇಪರು ಓದುವವರು, ಸೋಫಾದ ಮೇಲೆ ಕಾಲು ಚಾಚಿದವರು ಎಲ್ಲರೂ ಕಾಣುತ್ತಾರೆ. ಹಾದುಹೋಗುವವರು ಯಾರೂ ಒಳಗೆ ನೋಡುವುದಿಲ್ಲ. "ತೋರಿಸೂದು ತೋರಿಸ್ತಾರ, ಮತ್ತ ನೋಡಬಾರದಂತ! ಇದೆಂಥಾ ಬಾಳ್ವಿ?" ಅಂದಳು. ಅವಳ ತಕರಾರಿನಲ್ಲಿ ತಥ್ಯವಿತ್ತು. ನಮ್ಮ ಓಣಿಯಲ್ಲಿ ರಸ್ತೆಯ ಕಡೆಗೆ ಕಿಟಕಿಯೇ ಇರುವುದಿಲ್ಲ, ಇದ್ದರೂ ಬೆಕ್ಕು ನುಸುಳುವಷ್ಟು. ಆದರೆ ಯಾರ ಮನೆಯಲ್ಲಿ ಇವತ್ತು ಯಾವ ಪಲ್ಲೆ, ಯಾರ ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು, ಎಲ್ಲವೂ ಎಲ್ಲರಿಗೂ ಗೊತ್ತು. ಗೋಡೆ ಮುಚ್ಚಿ ಗುಟ್ಟು ಬಿಡುವವರು ನಾವು, ಗಾಜು ತೆರೆದು ಗುಟ್ಟು ಕಾಯುವವರು ಅವರು.

ಆದರೂ ಆಕೆಗೆ ಆ ಊರು ಒಗ್ಗಿದ್ದು ಬೆಂಚುಗಳಿಂದ. ಬಿಸಿಲು ಬಿದ್ದ ದಿನ ಅಲ್ಲಿಯ ಜನ ಮನೆಬಾಗಿಲ ಪಕ್ಕದ ಬೆಂಚಿನ ಮೇಲೆ ಬಂದು ಕೂಡುತ್ತಾರೆ. ಗೋಡೆಯ ಬುಡದಲ್ಲಿ ಎರಡು ಹಾಸುಗಲ್ಲು ಕಿತ್ತು ಹೂವಿನ ಗಿಡ ಹಚ್ಚಿರುತ್ತಾರೆ. "ಇಕಾ, ಇವ್ರದೂ ಕಟ್ಟಿ!" ಎಂದು ಇವಳು ಗುರುತೇ ಇಲ್ಲದ ಮನೆಯ ಬೆಂಚಿನ ಮೇಲೆ ಕೂತೇಬಿಟ್ಟಳು. ನಾನು ಪಾಸ್‌ಪೋರ್ಟು ಮುಟ್ಟಿ ನೋಡಿಕೊಂಡೆ. ಬಾಗಿಲು ತೆರೆದು ಎಂಬತ್ತು ದಾಟಿದ ಮುದುಕಿಯೊಬ್ಬಳು ಬಂದಳು. ಇವಳ ಇಳಕಲ್ ಸೀರೆಯ ಸೆರಗು ಹಿಡಿದು ನೋಡಿದಳು. ಒಳಗೆ ಹೋಗಿ ಕಾಫಿ ತಂದಳು, ಡಬ್ಬಿಯಿಂದ ಒಬ್ಬೊಬ್ಬರಿಗೆ ಒಂದೊಂದು ಬಿಸ್ಕೀಟು ತೆಗೆದುಕೊಟ್ಟು ಡಬ್ಬಿಯನ್ನು ಗಟ್ಟಿಯಾಗಿ ಮುಚ್ಚಿದಳು. ಅರ್ಧ ತಾಸು ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಮೊಣಕಾಲಿನ ಬಗ್ಗೆ ಮಾತಾಡಿದರು. ಮನೆಗೆ ಬಂದು ಇವಳು ಹುಡುಗನಿಗೆ ವರದಿ ಒಪ್ಪಿಸಿದಳು: "ಮಗ ದೂರ ಇದ್ದಾನಂತ. ಮೊಣಕಾಲ ಆಪರೇಶನ್ ಆಗ್ಯದಂತ. ಮನಸು ಛಲೋ ಅದ, ಖರೆ ಬಿಸ್ಕೀಟಿಂದು ಕೈ ಬಿಗಿ."

ಆ ಊರಿನ ಇನ್ನೊಂದು ಸೋಜಿಗ ಹೊಫ್ಯೆಗಳು. ಓಣಿಯ ನಡುವೆ ಒಂದು ಮಾಮೂಲಿ ಬಾಗಿಲು. ಒಳಗೆ ಹೋದರೆ ಅಂಗಳ, ಹೂದೋಟ, ಸುತ್ತ ಸಾಲು ಸಣ್ಣ ಮನೆಗಳು. ಹಿಂದಿನ ಕಾಲದ ಶ್ರೀಮಂತರು ದಿಕ್ಕಿಲ್ಲದ ಹೆಂಗಸರಿಗಾಗಿ ಮೃತ್ಯುಪತ್ರ ಬರೆದು ಕಟ್ಟಿಸಿಟ್ಟವು. ಹಾರ್ಲೆಮಿನಲ್ಲಿ ಇಂಥವು ಸುಮಾರು ಇಪ್ಪತ್ತು ಉಳಿದಿವೆ. ಎಲ್ಲಕ್ಕೂ ಹಳೆಯದು ಬಾಕೆನೆಸ್ ಎಂಬುವನ ಹೆಸರಿನದು, 1395ನೇ ಇಸವಿಯದು, ಇಪ್ಪತ್ತು ಹೆಂಗಸರಿಗೆ ಜಾಗ ಮಾಡಿದ್ದು. ಒಳಗೆ ಗದ್ದಲ ಮಾಡಬಾರದೆಂದು ಹುಡುಗ ಪಿಸುಗುಟ್ಟಿದ. ಇವಳು ಸುತ್ತ ನೋಡಿ, "ಇಪ್ಪತ್ತು ಮಂದಿ ಹೆಣ್ಮಕ್ಕಳು ಒಂದೇ ಅಂಗಳದಾಗ ಇದ್ದು ಸಪ್ಪಳಿಲ್ಲಂದ್ರ, ಒಬ್ಬರಿಗೊಬ್ಬರು ಮಾತು ಬಿಟ್ಟಾರ ಅಂತ ಅರ್ಥ" ಎಂದು ತೀರ್ಪು ಕೊಟ್ಟಳು.

ಆಮ್‌ಸ್ಟರ್‌ಡ್ಯಾಮಿಗೂ ಒಂದು ದಿನ ಹೋಗಿಬಂದೆವು, ರೈಲಿನಲ್ಲಿ ಹತ್ತಿರವೇ. ಅಲ್ಲಿಯ ಹದಿನೇಳನೇ ಶತಮಾನದ ಕಾಲುವೆ ಬಡಾವಣೆ 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಮನೆಗಳು ಎಷ್ಟು ಇಕ್ಕಟ್ಟು, ಮೆಟ್ಟಿಲು ಎಷ್ಟು ಕಡಿದು ಎಂದರೆ ಸಾಮಾನನ್ನೆಲ್ಲ ಮಾಳಿಗೆಯ ತುದಿಯ ಕೊಕ್ಕೆಗೆ ಹಗ್ಗ ಹಾಕಿ ಕಿಟಕಿಯಿಂದಲೇ ಒಳಗೆ ತೆಗೆದುಕೊಳ್ಳುತ್ತಾರೆ. ಮಂದಿ ಬಹಳ. ನನಗೆ ಹಾರ್ಲೆಮೇ ಸಾಕೆನಿಸಿತು.

ಸಾಕೆನಿಸಲು ಇನ್ನೊಂದು ಕಾರಣವೂ ಇತ್ತು. ಈ ಊರಿಗೂ ನಮ್ಮ ಸೀಮೆಗೂ ಹಳೆಯ ಬಾಕಿ ಲೆಕ್ಕವೊಂದುಂಟು. ಹಾರ್ಲೆಮಿನ ಚಿತ್ರಗಾರ ಕೊರ್ನೆಲಿಸ್ ಹೇಡಾ ಎಂಬುವನು ಪ್ರಾಗ್‌ನಲ್ಲಿ ಚಕ್ರವರ್ತಿ ರುಡಾಲ್ಫನ ಆಸ್ಥಾನದಲ್ಲಿದ್ದು, ಪರ್ಶಿಯಾಕ್ಕೆಂದು ಹೊರಟು, ಗೋವೆಯಲ್ಲಿ ಪೋರ್ಚುಗೀಸರ ಸೆರೆಗೆ ಬಿದ್ದು, ಕೊನೆಗೆ 1610ರ ಸುಮಾರಿಗೆ ವಿಜಯಪುರದ ಎರಡನೇ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ ಬಂದು ಸೇರಿದ. ಆಮೇಲೆ ತನ್ನೂರಿಗೆ ಮರಳಲಿಲ್ಲ. ನಮ್ಮ ಭೀಮೆ ದಾಟಿದರೆ ಆಚೆ ವಿಜಯಪುರ ಜಿಲ್ಲೆಯೇ. ಹಾರ್ಲೆಮಿನ ಓಣಿ ಬಿಟ್ಟು ಅವನು ಇತ್ತ ಬಂದ, ನಾಲ್ಕುನೂರು ವರ್ಷ ತಡವಾಗಿ ನಮ್ಮ ಹುಡುಗ ಅತ್ತ ಹೋದ. ಇಬ್ಬರಿಗೂ ಪಗಾರದ್ದೇ ನೆಪ.

ಹೇಡಾ ಇದ್ದದ್ದು ನವರಸಪುರದಲ್ಲಿ. ಅದರ ಕಥೆಯನ್ನು ನಮ್ಮ ಎನ್.ಎ. ಪ್ಲಾಟಿನವರು ತಿಳಿದಿರಬೇಕು. ಇಬ್ರಾಹಿಂನಿಗೆ ಹಳೇ ಶಹರು ಸಾಕಾಯಿತು. 1599ರಲ್ಲಿ ಪಶ್ಚಿಮಕ್ಕೆ, ತೊರವಿಯ ಹತ್ತಿರ, ಹೊಸ ಶಹರಿಗೆ ಕೈಹಾಕಿದ. ಸರದಾರರೆಲ್ಲ ಅಲ್ಲೇ ಮಹಲು ಕಟ್ಟಬೇಕೆಂದು ಅಪ್ಪಣೆ. ಅಗಲ ರಸ್ತೆ, ಸಂಗೀತ, ತೋಟ, ಎಲ್ಲ ಇತ್ತು. ಅಂದರೆ ಆ ಕಾಲದ ಮಾದರಿ ಲೇಔಟು. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ದಂಡು ತಂದು ಲೂಟಿ ಮಾಡಿದ್ದೇ ಬಂತು, ಲೇಔಟಿನ ಕಥೆ ಮುಗಿಯಿತು. ಕೋಟೆಗೋಡೆಯೊಳಗಿನ ಇಕ್ಕಟ್ಟಿನ ಹಳೇ ವಿಜಯಪುರ ಮಾತ್ರ ಉಳಿಯಿತು. ಇವತ್ತಿಗೂ ಅಲ್ಲಿ ಕಾಲಿಡಲು ಜಾಗವಿಲ್ಲ.

ಕಲಬುರಗಿಯೂ ಸಣ್ಣ ಊರಲ್ಲ. 1347ರಲ್ಲಿ ಬಹಮನಿಗಳ ರಾಜಧಾನಿಯಾದದ್ದು. ಕೋಟೆಯ ಜಾಮಿಯಾ ಮಸೀದಿ 1367ರದು, ನಡುವೆ ಬಯಲು ಅಂಗಳವೇ ಇಲ್ಲದೆ ಪೂರ್ತಿ ಮಾಳಿಗೆ ಮುಚ್ಚಿದ ಅಪರೂಪದ ಕಟ್ಟಡ. ನಮ್ಮ ಬಿಸಿಲು ಬಲ್ಲವನೇ ಕಟ್ಟಿಸಿರಬೇಕು. ಆದರೆ ನನಗೆ ಕೋಟೆಗಿಂತ ಓಣಿಗಳ ಪಟ್ಟಿ ಇಷ್ಟ. ಸಂಗತ್ರಾಸವಾಡಿ ಅಂದರೆ ಕಲ್ಲುಕುಟಿಗರು ಇದ್ದದ್ದು. ಕಿರಾಣಾ ಬಜಾರ, ಕಪಡಾ ಬಜಾರ, ಚಪ್ಪಲ ಬಜಾರಗಳಿಗೆ ವಿವರಣೆ ಬೇಡ. ಆರನೇ ನಿಜಾಮ ಮೆಹಬೂಬ ಅಲಿ ಖಾನನ ಹೆಸರಿನ ಬಟ್ಟೆ ಗಿರಣಿ ಎಂ.ಎಸ್.ಕೆ. ಮಿಲ್ಲು ನಿಂತುಹೋಗಿ ಎಷ್ಟೋ ವರ್ಷವಾಯಿತು. ಆಟೋದವನಿಗೆ ಮಾತ್ರ ಇವತ್ತಿಗೂ "ಎಂ.ಎಸ್.ಕೆ. ಮಿಲ್" ಅಂದರೆ ಸಾಕು. ರಾಜ್ಯದಲ್ಲಿ ಜಕಾತಿ 1979ರಲ್ಲೇ ರದ್ದಾಯಿತು, ಆಳಂದ ನಾಕಾ, ಶಹಾಬಜಾರ ನಾಕಾಗಳು ರದ್ದಾಗಲಿಲ್ಲ. ವಸೂಲಿಗೆ ಯಾರೂ ಇಲ್ಲದ ನಾಕಾದಲ್ಲಿ ಜನ ಇವತ್ತಿಗೂ ತಾವೇ ನಿಂತು, ಬಸ್ಸಿಗೆ ಕೈ ಮಾಡುತ್ತಾರೆ.

ಓಣಿಗಳ ಹೆಸರಿನ ವಿಷಯದಲ್ಲಿ ಬೀದರದ್ದೇ ಮೇಲುಗೈ. ಹಳೇ ಊರಿನ ನಟ್ಟನಡುವೆ ನಾಲ್ಕು ದಾರಿ ಕೂಡುವಲ್ಲಿ ಚೌಬಾರಾ ಎಂಬ ದುಂಡನೆಯ ಕಾವಲುಗೋಪುರ, 71 ಅಡಿ ಎತ್ತರ. ಅದರ ಸುತ್ತ ನಾಲ್ಕು ತಾಲೀಮು: ಸಿದ್ದಿ ತಾಲೀಮು, ನೂರಖಾನ ತಾಲೀಮು, ಪನಸಾಲ ತಾಲೀಮು, ಮನಿಯಾರ ತಾಲೀಮು. ಗುಲಾಮ ಯಜ್ದಾನಿಯವರು ಬೀದರಿನ ಬಗ್ಗೆ 1947ರಲ್ಲಿ ತಂದ ದೊಡ್ಡ ಪುಸ್ತಕದಲ್ಲಿ ಇವುಗಳ ಪ್ರಸ್ತಾಪ ಇದೆ. ತಾಲೀಮು ಅಂದರೆ ಗರಡಿಮನೆ. ಊರನ್ನು ಓಣಿಗಳಾಗಿ ಹಂಚುವಾಗ ಗುಡಿಯನ್ನೋ ಜಾತಿಯನ್ನೋ ಕಸುಬನ್ನೋ ಲೆಕ್ಕಕ್ಕೆ ಹಿಡಿಯುವುದು ಲೋಕರೂಢಿ. ಬೀದರಿನವರು ಪೈಲವಾನರನ್ನು ಹಿಡಿದರು. ನಿನ್ನದು ಯಾವ ಓಣಿ ಎಂದು ಕೇಳಿದರೆ ನಾನು ಇಂಥ ಮಟ್ಟಿಯ ಕಡೆಯವನು ಅಂದಂತಾಯಿತು. ಜಗಳ ಬಂದರೆ ಯಾರನ್ನು ಕರೆಯಬೇಕೆಂದು ವಿಳಾಸದಲ್ಲೇ ಬರೆದಿಟ್ಟುಕೊಂಡ ಊರು ಇನ್ನೆಲ್ಲೂ ಇರಲಿಕ್ಕಿಲ್ಲ.

ಹಾರ್ಲೆಮಿನಲ್ಲಿ ನಾಲ್ಕು ಅಂಕಿ, ಎರಡು ಅಕ್ಷರ, ಒಂದು ಮನೆ ನಂಬರು ಬರೆದರೆ ಪತ್ರ ನೆಟ್ಟಗೆ ಬಾಗಿಲಿಗೆ ಬರುತ್ತದೆ. ನಮ್ಮ ಪಿನ್ನು 585301. ಊರೂ ಅದರೊಳಗೆ, ಸುತ್ತಲ ಹಳ್ಳಿಗಳೂ ಅದರೊಳಗೆ. ಹಾಗಾಗಿ ಹನುಮಪ್ಪನ ಗುಡಿ ಹಿಂದೆ, ಬೇವಿನ ಗಿಡದ ಎದುರು, ಹಳೇ ಗಿರಣಿ ಹತ್ತಿರ ಎಂದು ಬರೆಯಬೇಕು. ಗಿಡ ಕಡಿದು, ಗಿರಣಿ ಮುಚ್ಚಿ ಕಾಲವಾಯಿತು. ಪತ್ರ ಬರುವುದು ಮಾತ್ರ ತಪ್ಪಿಲ್ಲ.

ಇನ್ನು ನಮ್ಮ ವಾಡೆಯ ಮಾತಿಗೆ ಬರೋಣ. ಹೇಳಿಕೊಳ್ಳಲು ವಾಡೆ. ಎರಡು ಚೌಕು, ತೇಗದ ಕಂಬ, ಹಿತ್ತಲಲ್ಲಿ ಬಾವಿ. ಮುಂಬಾಗಿಲ ಚೌಕಟ್ಟಿನ ಮೇಲೆ ಕೆತ್ತಿದ ಎರಡು ಗಿಳಿಗಳಲ್ಲಿ ಒಂದರ ಕೊಕ್ಕು ಮುರಿದಿದೆ. ಮುರಿದವರು ಯಾರು ಎಂಬುದರ ಬಗ್ಗೆ ಎರಡು ಪಾಠಾಂತರಗಳಿವೆ. ಹಾರ್ಲೆಮಿನಿಂದ ಮರಳಿದ ಮೇಲೆ ಒಂದು ದಿನ ನಾನು ಊರಲ್ಲಿ ಉಳಿದಿರುವ ಹಳೇ ವಾಡೆಗಳನ್ನು ಮನಸ್ಸಿನಲ್ಲೇ ಎಣಿಸುತ್ತ ಕೂತೆ. ಯಾವುದು ಬಿದ್ದಿದೆ, ಯಾವುದು ನಿಂತಿದೆ, ಯಾಕೆ? ಎಣಿಸಿದಂತೆ ಒಂದು ಸತ್ಯ ಬಯಲಾಯಿತು. ಒಬ್ಬನೇ ಮಗನಿದ್ದ ವಾಡೆಗಳೆಲ್ಲ ನೆಲಸಮ. ಮಗ ಕಲಬುರಗಿಗೋ ಪುಣೆಗೋ ಹೋದ, ಮಾರಿದ, ಕೊಂಡವನು ಕೆಡವಿ ಕೆಳಗೆ ಅಂಗಡಿ ಮೇಲೆ ಬಾಡಿಗೆ ಮನೆ ಎಬ್ಬಿಸಿದ. ಬಾಗಿಲು ಕಂಬಗಳನ್ನು ಹಳೇ ಸಾಮಾನಿನ ವ್ಯಾಪಾರಿ ಲಾರಿಗೆ ಹೇರಿದ. ಅವು ಈಗ ಯಾವುದೋ ರೆಸಾರ್ಟಿನಲ್ಲಿ ನಿಂತು ಗಿರಾಕಿಗಳಿಗೆ ನಮಸ್ಕಾರ ಹೇಳುತ್ತಿರಬೇಕು. ಗಟ್ಟಿಯಾಗಿ ನಿಂತಿರುವ ವಾಡೆ ಒಂದೊಂದರ ಹಿಂದೆಯೂ ಒಂದೊಂದು ವಾಟ್ನಿ ದಾವೆ ಇದೆ. ನಮ್ಮ ಕಡೆ ಪುರಾತತ್ವ ಇಲಾಖೆಗಿಂತ ಹೆಚ್ಚು ಮನೆಗಳನ್ನು ಉಳಿಸಿದವರು ದಾಯಾದಿಗಳು.

ನಮ್ಮದನ್ನೇ ನೋಡಿ. ಅಪ್ಪನ ಕಾಲಕ್ಕೆ ಶುರುವಾದ ದಾವೆ. ಆಗ ಹಿಸ್ಸೇದಾರರು ನಾಲ್ವರು. ಒಬ್ಬೊಬ್ಬರು ತೀರಿದಂತೆ ವಾರಸುದಾರರ ಹೆಸರು ಸೇರುತ್ತ ಸೇರುತ್ತ ಈಗ ಆ ಕಾಗದ ಓದಿದರೆ ಮದುವೆಯ ಆಮಂತ್ರಣ ಓದಿದ ಹಾಗಾಗುತ್ತದೆ. ಹಾರ್ಲೆಮಿನ ಹುಡುಗನೂ ಅದರಲ್ಲಿದ್ದಾನೆ. ಅವನ ಪಾಲಿಗೆ ಬರುವುದು ಲೆಕ್ಕ ಹಾಕಿದರೆ ಪಡಸಾಲೆಯಲ್ಲಿ ಒಂದು ಕಂಬ ಮತ್ತು ಕಂಬದ ಸುತ್ತ ಒಂದು ಪ್ರದಕ್ಷಿಣೆ ಹಾಕುವಷ್ಟು ಜಾಗ. ಯಥಾಸ್ಥಿತಿ ಕಾಪಾಡಬೇಕೆಂದು ಆದೇಶ ಇರುವುದರಿಂದ ಯಾರೂ ಒಂದು ಇಟ್ಟಿಗೆ ತೆಗೆಯುವಂತಿಲ್ಲ, ಇಡುವಂತಿಲ್ಲ. ಕಿಟಕಿಯ ಚೌಕಟ್ಟು ಬದಲಿಸುವುದು ದೂರದ ಮಾತು, ಒಬ್ಬರು ಮೊಳೆ ಹೊಡೆದರೆ ಇನ್ನೊಬ್ಬರು ಫೋಟೋ ತೆಗೆಯುತ್ತಾರೆ. ಮಾಳಿಗೆಗೆ ಮಣ್ಣು ಹಾಕುವ ವಿಷಯದಲ್ಲಿ ಮಾತ್ರ ಎರಡೂ ಕಡೆಯ ವಕೀಲರು ಒಪ್ಪಿದ್ದಾರೆ, ಇಲ್ಲವಾದರೆ ಜಗಳಕ್ಕೆ ಆಸ್ತಿಯೇ ಉಳಿಯುವುದಿಲ್ಲ.

ಕಳೆದ ತಾರೀಖಿನಂದು ಕೋರ್ಟಿನಲ್ಲಿ ನಮ್ಮ ಪಾಳಿ ಬರಲಿಲ್ಲ, ಮುಂದಕ್ಕೆ ಹೋಯಿತು. ವಾದಿ ಪ್ರತಿವಾದಿಗಳೆಲ್ಲ ಒಂದೇ ಟಂಟಂನಲ್ಲಿ ಹಳೇ ಊರಿಗೆ ಬಂದು, ವಾಡೆಯ ಕಟ್ಟೆಯ ಮೇಲೆ ಕೂತು ಚುರುಮುರಿ ಸುಸಲಾ ತಿಂದೆವು. ಕಟ್ಟೆ ಯಾರ ಪಾಲೆಂದು ಇನ್ನೂ ತೀರ್ಮಾನವಾಗಿಲ್ಲದ್ದರಿಂದ ಎಲ್ಲರಿಗೂ ಕೂಡುವ ಹಕ್ಕಿತ್ತು. ನಾನು ಹಾರ್ಲೆಮಿನ ಸುದ್ದಿ ತೆಗೆದೆ. ಗಾಳಿಗಿರಣಿ, ಹೊಫ್ಯೆ, ಗಾಜಿನ ಕಿಟಕಿ, ಪರವಾನಗಿ ಎಲ್ಲ ಹೇಳಿದೆ. ಎದುರು ಪಾರ್ಟಿಯ ದೊಡ್ಡವರು, ನನಗೆ ಚುಲತ ಅಣ್ಣ ಆಗಬೇಕು, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಗಂಭೀರವಾಗಿ ಕೇಳಿದರು.

"ತಮ್ಮಾ, ನಮ್ಮ ಹುಡುಗ ಇರೂ ಮನಿ ಎಷ್ಟು ವರ್ಷದ್ದು?"

"ಮುನ್ನೂರು ದಾಟ್ಯದಂತ."

"ಹಿಸ್ಸೇದಾರರು ಎಷ್ಟು ಮಂದಿ?"

"ಒಬ್ಬನೇ ಮಾಲಕ, ಅಣ್ಣಾ."

ಅವರು ಬೀದಿಗೆ ಎಲೆ ಉಗುಳಿ ಬಂದು, ತಲೆ ಅಲ್ಲಾಡಿಸಿದರು. "ಹಂಗಾದ್ರ ಅದು ಉಳಿಯೂದು ಕಷ್ಟ ಐತಿ ಬಿಡು."